ನಾಲ್ಕನೇ ತರಗತಿಯಲ್ಲಿ ಜೀವಕೋಶ: ಕೆಂಪು ಈರುಳ್ಳಿಯಿಂದ ಮೆಕ್ಕೆಜೋಳದ ತೆನೆಯವರೆಗೆ

ಜೀವಕೋಶವು ಹೈಸ್ಕೂಲಿನ ಪಾಠ, ನಾಲ್ಕು-ಐದನೇ ತರಗತಿಯ ಮಕ್ಕಳ ಕೈಗೆ ಸೂಕ್ಷ್ಮದರ್ಶಕ ಕೊಟ್ಟರೆ ಲೆನ್ಸ್ ಹಾಳಾಗುವುದಷ್ಟೇ ಎಂದು ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಜಗಳೂರು ತಾಲ್ಲೂಕಿನ ನಮ್ಮ ಕ್ಲಸ್ಟರ್ ಸಮಾಲೋಚನಾ ಸಭೆಯಲ್ಲಿ ಹಲವರು ಹೇಳಿದ್ದರು. ಅವರಲ್ಲಿ ಇಬ್ಬರು ಈ ವರ್ಷ ನಮ್ಮ ಶಾಲೆಗೆ ಬಂದು, ಸ್ಲೈಡ್ ತಯಾರಿಸುವುದನ್ನು ನಮ್ಮ ಮಕ್ಕಳಿಂದಲೇ ಕಲಿತು ಹೋದರು.

ಆರಂಭದಲ್ಲಿ ಎಲ್ಲರಂತೆ ಈರುಳ್ಳಿಯ ಒಳಪೊರೆಗೆ ಟಿಂಚರ್ ಅಯೋಡಿನ್ ಹಾಕಿ ತೋರಿಸಿದ್ದೆ. ಮಕ್ಕಳು ನೋಟ್‌ಬುಕ್ಕಿನಲ್ಲಿ ಬಿಡಿಸಿದ್ದು ಬಹುಪಾಲು ಗಾಳಿಗುಳ್ಳೆಗಳನ್ನು, ಏಕೆಂದರೆ ಕಪ್ಪು ಅಂಚಿನ ಆ ದುಂಡು ಆಕಾರಗಳೇ ಮೊದಲು ಕಣ್ಣಿಗೆ ಬೀಳುತ್ತವೆ. ಸ್ಲೈಡಿನ ಮೇಲೆ ಮುಚ್ಚುವ ತೆಳು ಗಾಜು, ಅಂದರೆ ಕವರ್‌ಸ್ಲಿಪ್, ಒಂದು ಪೆಟ್ಟಿಗೆಯಷ್ಟು ಇದ್ದರೂ ಎರಡು ಪೀರಿಯಡ್‌ಗೂ ಸಾಲಲಿಲ್ಲ. ಹಳೆಯ ಸೂಕ್ಷ್ಮದರ್ಶಕಕ್ಕೆ ಸುಮಾರು 3,000 ರೂಪಾಯಿ, ಲೆನ್ಸಿನ ಬೂಷ್ಟು ತೆಗೆಸಲು 500ರ ಆಸುಪಾಸು, ಎರಡೂ ನನ್ನ ಜೇಬಿನಿಂದಲೇ ಹೋದವು.

ಪಾಠ ಕೈಗೂಡಿದ್ದು ಕೆಂಪು ಈರುಳ್ಳಿಯ ಹೊರಪೊರೆಯಿಂದ. ರಸಭರಿತ ಪದರದ ಉಬ್ಬಿದ ಬದಿಯನ್ನು ಮುರಿದು ಎಳೆದರೆ ನೇರಳೆ ಬಣ್ಣದ ತೆಳುಪೊರೆ ಬರುತ್ತದೆ. ಬಣ್ಣವು ಕೋಶದೊಳಗಿನ ರಸ ತುಂಬಿದ ಚೀಲದಲ್ಲಿ, ಅಂದರೆ ರಸದಾನಿಯಲ್ಲಿಯೇ ಇರುವುದರಿಂದ ಅಯೋಡಿನ್ ಬೇಕಾಗುವುದಿಲ್ಲ, ಬಣ್ಣವಿಲ್ಲದ ಗುಳ್ಳೆಯನ್ನು ಮಕ್ಕಳು ತಾವೇ ಬಿಟ್ಟುಬಿಡುತ್ತಾರೆ. ಕವರ್‌ಸ್ಲಿಪ್ ಬದಲಿಗೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ತುಂಡನ್ನು ಓರೆಯಾಗಿ ಇಳಿಸುತ್ತೇವೆ. ಚಿತ್ರವನ್ನು ಮೊಬೈಲ್ ಪರದೆಯ ಮೇಲೆ ಎಲ್ಲರೂ ಒಟ್ಟಿಗೆ ನೋಡುತ್ತಾರೆ. ಮೊಬೈಲನ್ನು ಅಲುಗದಂತೆ ಕೂರಿಸುವ ಉಪಾಯವನ್ನು ಶಾಲೆಗೆ ಬಂದವರಿಗೆ ಮಾತ್ರ ತೋರಿಸುತ್ತೇನೆ.

ನಂತರ ಒಂದು ಅಂಚಿಗೆ ಉಪ್ಪುನೀರಿನ ಹನಿ ಬಿಟ್ಟು, ಎದುರು ಅಂಚಿನಿಂದ ಕಾಗದದ ಚೂರಿನಲ್ಲಿ ನೀರು ಹೀರಬೇಕು. ಕೆಲವೇ ನಿಮಿಷಗಳಲ್ಲಿ ನೇರಳೆ ಭಾಗವು ಗೋಡೆಯಿಂದ ಬಿಡಿಸಿಕೊಂಡು ನಡುವೆ ಮುದುಡುತ್ತದೆ. "ಗೋಡೆ ಹಂಗೇ ಐತೆ ಸಾರ್, ಒಳಗಿನ ಬಣ್ಣ ಮಾತ್ರ ಮುದುಡ್ಕಂಡೈತೆ" ಎಂದು ಹುಡುಗಿಯೊಬ್ಬಳು ಹೇಳಿದಾಗ ಕೋಶಭಿತ್ತಿಯ ಬಗ್ಗೆ ನಾನು ಹೇಳಬೇಕಾದದ್ದು ಹೆಚ್ಚೇನೂ ಉಳಿಯಲಿಲ್ಲ. ಉಪ್ಪಿನ ಪ್ರಮಾಣವನ್ನು ಅವರವರೇ ಹೊಂದಿಸಿಕೊಳ್ಳಬೇಕು. ಅತಿಯಾದರೆ ಬರಿನೀರು ಹಾಕಿದರೂ ಕೋಶ ಮತ್ತೆ ತುಂಬಿಕೊಳ್ಳುವುದಿಲ್ಲ.

ಒಂದೇ ಬಗೆಯ ಜೀವಿಗಳಲ್ಲೂ ಕಾಣುವ ಭಿನ್ನತೆಯ ಪಾಠಕ್ಕೂ ಅದೇ ಗಡ್ಡೆಯೇ ಬಾಗಿಲಾಯಿತು. ಪಾರದರ್ಶಕ ಸ್ಕೇಲನ್ನು ಲೆನ್ಸಿನ ಕೆಳಗಿಟ್ಟು ಅಳೆದರೆ, ಹೊರಪದರದಲ್ಲಿ ಒಂದು ಮಿಲಿಮೀಟರ್ ಉದ್ದಕ್ಕೆ ಮೂರ್ನಾಲ್ಕು ಕೋಶಗಳು ಸಿಗುತ್ತವೆ. ಒಳಗಿನ ಎಳೆಯ ಪದರಗಳಲ್ಲಿ ಕೋಶ ಚಿಕ್ಕದಾದಂತೆ ಎಣಿಕೆ ಹೆಚ್ಚುತ್ತದೆ. ಒಂದೇ ಗಡ್ಡೆಯೊಳಗೆ ಇಷ್ಟು ವ್ಯತ್ಯಾಸ ಕಂಡ ಮಕ್ಕಳು ಹೊಲದಲ್ಲಿ ಏನೇನು ಬೇರೆಯಿರಬಹುದೆಂದು ತಾವೇ ಕೇಳತೊಡಗಿದರು. ಹೊಂಗೆಯ ಎಲೆ ಅಳೆಸಿದೆ, ಆದರೆ ದಶಮಾಂಶದ ಲೆಕ್ಕದಲ್ಲಿಯೇ ಪೀರಿಯಡ್ ಮುಗಿಯಿತು.

ಮೆಕ್ಕೆಜೋಳದ ತೆನೆಗಳು ಅದಕ್ಕಿಂತ ಎಷ್ಟೋ ಮೇಲು, ಏಕೆಂದರೆ ಕಾಳಿನ ಸಾಲುಗಳನ್ನು ಎಣಿಸಿದರೆ ಸಾಕು, ಅಳೆಯಬೇಕಿಲ್ಲ. ಮಕ್ಕಳು ಮನೆಯಿಂದ ತಂದ ಅರವತ್ತು-ಎಪ್ಪತ್ತು ತೆನೆಗಳನ್ನು ಎಣಿಸಿ, 12, 14, 16 ಎಂದು ಸೀಮೆಸುಣ್ಣದಲ್ಲಿ ಬರೆದ ಅಂಕಣಗಳಲ್ಲಿ ಒಂದರ ಮುಂದೊಂದು ಜೋಡಿಸಿದಾಗ ವರಾಂಡದ ನೆಲದ ಮೇಲೆಯೇ ಸ್ತಂಭಾಲೇಖ ಸಿದ್ಧವಾಯಿತು. ಅತಿ ಉದ್ದವಾದದ್ದು 14ರ ಅಂಕಣ. ತೆನೆಯ ಮೇಲೆ ಹೂಗಳು ಜೋಡಿಯಾಗಿ ಮೂಡುವುದರಿಂದ ಸಾಲುಗಳು ಸಾಮಾನ್ಯವಾಗಿ ಸಮಸಂಖ್ಯೆಯಲ್ಲಿಯೇ ಇರುತ್ತವೆ. ಹಾಗಾಗಿ 13 ಎಂದು ಹೇಳಿದ ಹುಡುಗನಿಗೆ ಮೊದಲ ಸಾಲಿಗೆ ಸ್ಕೆಚ್ ಪೆನ್ನಿನಲ್ಲಿ ಗುರುತು ಹಾಕಿ ಮತ್ತೊಮ್ಮೆ ಎಣಿಸಲು ಹೇಳಿದೆ. ಅವನ ತೆನೆಯೂ 14ರ ಅಂಕಣಕ್ಕೆ ಸೇರಿತು.