ಬಟ್ಟೆ ಬ್ರ್ಯಾಂಡ್: ಮೊದಲ ಬ್ಯಾಚ್‌ನಿಂದ ಮತ್ತೆ ನೌಕರಿಯವರೆಗೆ

ಸಣ್ಣ ಬಟ್ಟೆ ಬ್ರ್ಯಾಂಡ್‌ನ ದುಡ್ಡೆಲ್ಲ ಸಿಕ್ಕಿಬೀಳುವುದು ಮಾರಾಟವಾಗದ ಸೈಜ್‌ಗಳಲ್ಲಿ. ಮೊದಲಿಗೆ ಒಂದೇ ಮಾದರಿ, ಎರಡು ಬಣ್ಣ, ಬಣ್ಣಕ್ಕೆ 30 ಪೀಸ್ ಸಾಕು: ಎಸ್ 5, ಎಂ 10, ಎಲ್ 10, ಎಕ್ಸ್‌ಎಲ್ 5.

ಕತ್ತರಿ ಹಾಕುವ ಮೊದಲು ಬಟ್ಟೆಯ ಮೇಲೆ 50 ಸೆಂ.ಮೀ. ಚೌಕ ಗುರುತು ಮಾಡಿ, ಒಗೆದು ಒಣಗಿಸಿ, ಮತ್ತೆ ಅಳೆಯಿರಿ. ಉದ್ದ 47.5ಕ್ಕೆ ಇಳಿದಿದ್ದರೆ ಶೇ. 5 ಕುಗ್ಗಿದೆ, 70 ಸೆಂ.ಮೀ. ಉದ್ದದ ಶರ್ಟ್‌ಗೆ ಪ್ಯಾಟರ್ನ್ (ಬಟ್ಟೆ ಕತ್ತರಿಸಲು ಇಟ್ಟುಕೊಳ್ಳುವ ಅಳತೆಯ ನಕ್ಷೆ) ಸುಮಾರು 73.7 ಸೆಂ.ಮೀ. (70 ÷ 0.95) ಇರಬೇಕು. ಅಗಲವನ್ನು ಬೇರೆಯಾಗಿಯೇ ಲೆಕ್ಕ ಹಾಕಿ, ಎರಡೂ ಒಂದೇ ಸಮ ಕುಗ್ಗುವುದು ಅಪರೂಪ. ‘ಒಂದೆರಡು ಒಗೆತಕ್ಕೆ ಸರಿಹೋಗುತ್ತೆ’ ಎನ್ನುವವರ ಮಾತು ಕೇಳಬೇಡಿ.

ನೌಕರಿಗೆ ಮರಳುವ ಯೋಚನೆಯಿದ್ದರೆ ಕೊನೆಯ ಮೂರು ತಿಂಗಳು ಹೊಸ ಬಟ್ಟೆ ಕೊಳ್ಳದೆ, ಇದ್ದದ್ದನ್ನು ಖಾಲಿ ಮಾಡಿ. ರೆಸ್ಯೂಮೆಯಲ್ಲಿ ‘ಸ್ಥಾಪಕ’ ಎಂಬ ಹೆಸರಿನ ಕೆಳಗೆ ಪೀಸ್‌ಗೆ ತಗುಲಿದ ವೆಚ್ಚ, ವಾಪಸ್ ಬಂದ ಮಾಲಿನ ಪ್ರಮಾಣ, ಸ್ಟಾಕ್ ಕರಗಲು ಹಿಡಿದ ದಿನಗಳನ್ನು ಬರೆಯಿರಿ.