ಆಟದ ನಡುವೆ ರೀಸೆಟ್ ಆಗುತ್ತಿದ್ದ ಹಳೇ ಆರ್ಕೇಡ್ ಮಷಿನ್ ಸರಿಹೋಯ್ತು

ಮುಚ್ಚಿಹೋದ ವಿಡಿಯೋ ಗೇಮ್ ಪಾರ್ಲರ್‌ನಿಂದ ತಂದ ಮಷಿನ್ ಇದು. ಗೆದ್ದಲು ಹಿಡಿದ ಪ್ಲೈವುಡ್, ಸವೆದ ಬಟನ್ ಎಲ್ಲ ಬದಲಿಸಿದೆ. ಆದರೂ ಆನ್ ಮಾಡಿ ಹತ್ತು ನಿಮಿಷಕ್ಕೆ ಆಟ ತಾನಾಗಿಯೇ ರೀಸೆಟ್ ಆಗುತ್ತಿತ್ತು. ಗೇಮ್ ಬೋರ್ಡೇ ಹೋಯ್ತು ಅಂತ ತುಂಬಾ ಬೇಜಾರಾಗಿತ್ತು.

ಪವರ್ ಸಪ್ಲೈ ಹತ್ತಿರ ಮಲ್ಟಿಮೀಟರ್ ಹಿಡಿದರೆ 5.02 ವೋಲ್ಟ್. ಸರಿಯಾಗೇ ಇದೆ ಅಲ್ವಾ? ಆದರೆ ಬೋರ್ಡಿನ ಮೇಲೆ, ಚಿಪ್ಪಿನ ಕಾಲಿಗೆ ಹಿಡಿದಾಗ ಬರೀ 4.6! ಆ ಕಾಲದ ಬೋರ್ಡುಗಳಲ್ಲಿರುವ ಟಿಟಿಎಲ್ (5 ವೋಲ್ಟ್‌ನಲ್ಲಿ ಓಡುವ ಒಂದು ಬಗೆಯ) ಚಿಪ್‌ಗಳಿಗೆ 4.75ಕ್ಕಿಂತ ಕಡಿಮೆ ಆಗಬಾರದು. ವೋಲ್ಟೇಜ್ ದಾರಿಯಲ್ಲೇ ಬೀಳುತ್ತಿತ್ತು.

ಒಳಗಿರುವುದು ಜಾಮಾ ವೈರಿಂಗ್, ಅಂದರೆ ಗೇಮ್ ಬೋರ್ಡನ್ನು ಮಷಿನ್‌ಗೆ ಜೋಡಿಸುವ ಸ್ಟ್ಯಾಂಡರ್ಡ್ ಕನೆಕ್ಟರ್, 56 ಪಿನ್. ಅದರಲ್ಲಿ 3 ಮತ್ತು 4ನೇ ಪಿನ್‌ಗೆ 5 ವೋಲ್ಟ್ ಬರುತ್ತದೆ. ಕನೆಕ್ಟರ್ ಕಳಚಿ ನೋಡಿದೆ. ಸರಿಯಾಗಿ ಅಲ್ಲೇ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು, ಪಿನ್ ಕಪ್ಪಾಗಿತ್ತು. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರ್ಕೆಟ್ ಎಸ್.ಪಿ. ರೋಡಿನಿಂದ ಹೊಸ ಕನೆಕ್ಟರ್ ತಂದು, 5 ವೋಲ್ಟ್ ಮತ್ತು ಗ್ರೌಂಡ್‌ಗೆ ದಪ್ಪ ವೈರ್ ಬೆಸುಗೆ ಹಾಕಿದೆ. ಬೋರ್ಡಿನ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿದೆ. ಸ್ಯಾಂಡ್‌ಪೇಪರ್ ಮಾತ್ರ ಬೇಡ, ಮೇಲಿನ ಲೇಪನ ಕಿತ್ತುಹೋಗುತ್ತದೆ. ಸುಮ್ನೆ ಪವರ್ ಸಪ್ಲೈನ ಸ್ಕ್ರೂ ತಿರುಗಿಸಿ ವೋಲ್ಟೇಜ್ ಏರಿಸುವುದೂ ತಪ್ಪು. ಸುಟ್ಟ ಪಿನ್ ಇನ್ನೂ ಜಾಸ್ತಿ ಬಿಸಿಯಾಗುತ್ತದೆ.

ವೋಲ್ಟೇಜ್ ಅಳೆದದ್ದು ಬಿಟ್ಟರೆ ಉಳಿದ ಕೆಲಸವನ್ನೆಲ್ಲ ಪ್ಲಗ್ ಕಿತ್ತೇ ಮಾಡಿದೆ. ಪಿಕ್ಚರ್ ಟ್ಯೂಬಿನ ಕಡೆ ಕೈ ಹಾಕಲಿಲ್ಲ. ಆಫ್ ಮಾಡಿದ ಮೇಲೂ ಅದರಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು.

ಈಗ ಬೋರ್ಡಿನಲ್ಲಿ 4.98. ನಿನ್ನೆ ಮಗಳು ಮೂರು ಗಂಟೆ ಆಡಿದಳು, ಒಮ್ಮೆಯೂ ನಿಲ್ಲಲಿಲ್ಲ.