ದ್ವೀಪದ ಹಕ್ಕಿಗೆ ಉಂಗುರ ತೊಡಿಸುವ ಮುನ್ನ ಜೋಗಿಮಟ್ಟಿಯಲ್ಲಿ ಕಲಿಯಬೇಕಾದದ್ದು

ದ್ವೀಪಗಳ ಅಪರೂಪದ ಕಾಡುಹಕ್ಕಿಗಳ ಅಧ್ಯಯನಕ್ಕೆ ಕ್ಷೇತ್ರ ಸಹಾಯಕರಾಗಿ ಹೋಗಬಯಸುವ ಚಿತ್ರದುರ್ಗ, ದಾವಣಗೆರೆ ಕಡೆಯ ವಿದ್ಯಾರ್ಥಿಗಳಿಗೆ ಬಲೆಯ ಮೇಲೆಯೇ ಕುತೂಹಲ ಹೆಚ್ಚು. ಆದರೆ ಬಲೆಯಲ್ಲಿ ಹಿಡಿದ ಹಕ್ಕಿಯ ಕಾಲಿಗೆ ಗುರುತಿನ ಬಣ್ಣದ ಉಂಗುರ ತೊಡಿಸುವುದು ಕೆಲವೇ ನಿಮಿಷಗಳ ಕೆಲಸ. ಅದೇ ಹಕ್ಕಿಯನ್ನು ವರ್ಷಗಟ್ಟಲೆ ಗುರುತು ಹಿಡಿದು ಬರೆದಿಡುವುದೇ ನಿಜವಾದ ಅಧ್ಯಯನ. ನ್ಯೂಜಿಲೆಂಡಿನ ಚಾಥಮ್ ದ್ವೀಪಗಳ ಕಪ್ಪು ರಾಬಿನ್ 1980ರಲ್ಲಿ ಐದೇ ಐದಕ್ಕೆ ಇಳಿದಾಗ ಮರಿ ಮಾಡಬಲ್ಲ ಹೆಣ್ಣು ಒಂದೇ ಉಳಿದಿತ್ತು. ಕಾಲಿನ ನೀಲಿ ಉಂಗುರದಿಂದಾಗಿಯೇ ಅದಕ್ಕೆ ‘ಓಲ್ಡ್ ಬ್ಲೂ’ ಎಂಬ ಹೆಸರು ಬಂದಿತು. ವನ್ಯಜೀವಿ ಸಂರಕ್ಷಕ ಡಾನ್ ಮೆರ್ಟನ್ ಅವರ ತಂಡ ಅದರ ಮೊಟ್ಟೆಗಳನ್ನು ಬೇರೆ ಜಾತಿಯ ಹಕ್ಕಿಯ ಗೂಡಿಗೆ ಸಾಗಿಸಿ, ತಾಯಿ ಮತ್ತೆ ಮೊಟ್ಟೆಯಿಡುವಂತೆ ಮಾಡಿ ಸಂತತಿಯನ್ನು ಉಳಿಸಿತು. ಯಾವ ಹಕ್ಕಿ ಯಾವುದೆಂದು ಖಚಿತವಾಗಿ ತಿಳಿಯದೆ ಇಂಥ ಕೆಲಸಕ್ಕೆ ಕೈ ಹಾಕುವಂತಿಲ್ಲ.

ಆದ್ದರಿಂದ ಮೊದಲು ಕಣ್ಣನ್ನು ಪಳಗಿಸಿಕೊಳ್ಳಿ. ಚಿತ್ರದುರ್ಗದ ಜೋಗಿಮಟ್ಟಿ ಕಾಡಿನಲ್ಲಿ ಅರಣ್ಯ ಇಲಾಖೆ ಬಿಡುವ ದಾರಿಯಲ್ಲೇ ಬೆಳಗಿನ ಹೊತ್ತು ನಿಂತು ಪಿಕಳಾರ, ಮಡಿವಾಳ ಹಕ್ಕಿಗಳ ಕಾಲನ್ನಷ್ಟೇ ದುರ್ಬೀನಿನಲ್ಲಿ ಹಿಡಿಯಲು ಯತ್ನಿಸಿ. ಕೊಂಬೆಯ ಮೇಲೆ ಕೂತ ಹಕ್ಕಿ ಹೊಟ್ಟೆಯ ಗರಿಯಿಂದ ಕಾಲು ಮುಚ್ಚಿಕೊಳ್ಳುವುದೂ, ಹಾರುವ ಮುನ್ನ ಅರೆಕ್ಷಣ ತೋರಿಸುವುದೂ ಆಗ ಅರ್ಥವಾಗುತ್ತದೆ. ನಂತರ ಮನೆಯ ಹಿತ್ತಲಿನಲ್ಲಿ ಕಡ್ಡಿಗಳಿಗೆ ಬಣ್ಣದ ಸ್ಟ್ರಾ ತುಂಡುಗಳನ್ನು ಎರಡೆರಡಾಗಿ ಪೋಣಿಸಲು ಗೆಳೆಯರಿಗೆ ಹೇಳಿ, ಮಬ್ಬು ಬೆಳಕಿನಲ್ಲಿ ದೂರದಿಂದ ಓದಿ ನೋಡಿ. ನೆರಳಿನಲ್ಲಿ ಕಡುನೀಲಿ ಕಪ್ಪಾಗಿ ಕಾಣುತ್ತದೆ, ಹಸಿರು ಎಲೆಯೊಳಗೆ ಕರಗುತ್ತದೆ. ಉಂಗುರಗಳನ್ನು ಸಾಮಾನ್ಯವಾಗಿ ಎಡಗಾಲಿನಿಂದ ಆರಂಭಿಸಿ ಮೇಲಿಂದ ಕೆಳಕ್ಕೆ ಓದುತ್ತಾರಾದರೂ ತಂಡದ ಕ್ರಮವನ್ನು ಕೇಳಿಕೊಳ್ಳಬೇಕು. ಎಡವೆಂದರೆ ಹಕ್ಕಿಯ ಎಡ. ಅದು ನಿಮಗೆ ಎದುರಾಗಿ ಕೂತಿದ್ದರೆ ನಿಮ್ಮ ಬಲ. ಮೂರು ಬಣ್ಣ ಕಂಡು ನಾಲ್ಕನೆಯದು ಕಾಣದಿದ್ದರೆ ‘ಕಾಣಲಿಲ್ಲ’ ಎಂದೇ ಬರೆಯಿರಿ, ಊಹೆಯಿಂದ ತುಂಬಬೇಡಿ: ಸತ್ತ ಹಕ್ಕಿಯೊಂದು ದಾಖಲೆಯಲ್ಲಿ ಬದುಕಿ ಕೂರುವುದು ಇಂಥ ಊಹೆಗಳಿಂದಲೇ. ಎಷ್ಟು ಹೊತ್ತು ಹುಡುಕಿದಿರಿ ಎಂಬುದನ್ನು, ಏನೂ ಕಾಣದ ದಿನವೂ, ಬರೆಯಬೇಕು.

ಬಲೆಯನ್ನು ಮಾತ್ರ ಇಲ್ಲಿ ಸ್ವಂತವಾಗಿ ಹಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದಕ್ಕೆ ಅನುಮತಿ ಬೇಕು. ಅನುಮತಿಯುಳ್ಳ ತಂಡದಲ್ಲಿ, ಅನುಭವಿಗಳ ಪಕ್ಕದಲ್ಲಿ ನಿಂತೇ ಕಲಿಯಬೇಕು. ಸೂಕ್ಷ್ಮ ಬಲೆಯನ್ನು ನೆರಳಿರುವೆಡೆ ಕಟ್ಟಿ ಪದೇ ಪದೇ ನೋಡುತ್ತಿರಬೇಕು; ಮಳೆ, ಜೋರು ಗಾಳಿ ಅಥವಾ ಬಿರುಬಿಸಿಲು ಬಂದರೆ ಮುಚ್ಚಬೇಕು. ಹಕ್ಕಿ ಯಾವ ಬದಿಯಿಂದ ಬಂದು ಬಿದ್ದಿದೆಯೋ ಆ ಬದಿಯಿಂದಲೇ ಬಿಡಿಸಬೇಕು. ಬಿಡಿಸಿದ ಮೇಲೆ ಅದರ ಕತ್ತು ತೋರುಬೆರಳು ಮತ್ತು ನಡುಬೆರಳಿನ ನಡುವೆ ಸಡಿಲವಾಗಿದ್ದು, ಬೆನ್ನು ಅಂಗೈಗೆ ಒರಗಿರಬೇಕು. ಹಕ್ಕಿ ಎದೆಯನ್ನು ಹಿಗ್ಗಿಸಿ ಉಸಿರಾಡುವುದರಿಂದ ಎದೆಯನ್ನು ಒತ್ತಿ ಹಿಡಿಯುವುದು ಅಪಾಯಕರ. ಉಂಗುರವು ಕಾಲಿನ ಮೇಲೆ ಸರಾಗವಾಗಿ ಸುತ್ತುತ್ತಾ ಮೇಲೆ ಕೆಳಗೆ ಜಾರಬೇಕು, ಆದರೆ ಪಾದದ ಮೇಲಕ್ಕೆ ಇಳಿಯಬಾರದು; ಇಕ್ಕಳದಿಂದ ಮುಚ್ಚಿದ ಮೇಲೆ ಅಂಚುಗಳ ನಡುವೆ ಬಿರುಕು ಉಳಿದರೆ ಬಲೆಯ ಎಳೆಯೋ ನಾರೋ ಸಿಕ್ಕಿಕೊಳ್ಳುತ್ತದೆ. ಹಕ್ಕಿ ಬಾಯಿ ತೆರೆದು ಏದುಸಿರು ಬಿಡತೊಡಗಿದರೆ ಅಳತೆ ಮುಗಿದಿರಲಿ ಬಿಡಲಿ, ಬಿಟ್ಟುಬಿಡಬೇಕು. ತೂಕ, ರೆಕ್ಕೆಯ ಉದ್ದ, ಗರಿ ಉದುರುವಿಕೆಯ ವಿವರಗಳನ್ನು ಆಯಾ ತಂಡದ ನಮೂನೆಯಂತೆ ತುಂಬಿದರಾಯಿತು.

ಇನ್ನು ಹೊರಡುವ ಮುನ್ನಿನ ಸಿದ್ಧತೆ. 1960ರ ದಶಕದಲ್ಲಿ ನ್ಯೂಜಿಲೆಂಡಿನ ಬಿಗ್ ಸೌತ್ ಕೇಪ್ ದ್ವೀಪಕ್ಕೆ ಇಲಿಗಳು ಹೊಕ್ಕು ಅಲ್ಲಿನ ಹಲವು ಹಕ್ಕಿಗಳನ್ನು ನಾಶ ಮಾಡಿದವು. ಇಲಿಯಷ್ಟೇ ಅಲ್ಲ, ಹೊರಗಿನ ಬೀಜವೂ ಹೊಗದಂತೆ ದ್ವೀಪಕ್ಕೆ ಕಾಲಿಡುವವರ ಸಾಮಾನುಗಳ ಮೇಲೆ ಈಗ ಕಣ್ಣು ಬಿಗಿಯಾಗಿದೆ. ನಮ್ಮ ಕಡೆಯ ಗುಡ್ಡ ಸುತ್ತಿದ ಬೂಟು, ಕಾಲುಚೀಲಗಳಲ್ಲಿ ಉತ್ರಾಣಿಯ ಬೀಜ ಸಿಕ್ಕಿಕೊಂಡಿರುತ್ತದೆ, ಅಡಿಯ ಮಣ್ಣಿನಲ್ಲಿ ಕಾಂಗ್ರೆಸ್ ಗಿಡದ ಬೀಜವಿರುತ್ತದೆ. ಬೂಟಿನ ಅಡಿಯನ್ನು ಗಡುಸು ಬ್ರಶ್‌ನಿಂದ ತಿಕ್ಕಿ ತೊಳೆದು, ಚೀಲದ ಜಿಪ್ ಹಾಗೂ ಪ್ಯಾಂಟಿನ ಮಡಿಕೆಗಳನ್ನು ಬಿಡಿಸಿ ನೋಡಿ. ಕಾಲುಚೀಲಗಳನ್ನು ಮಾತ್ರ ಹೊಸದಾಗಿ ಕೊಳ್ಳುವುದು ಲೇಸು, ಏಕೆಂದರೆ ಉತ್ರಾಣಿ ಎಷ್ಟು ಒಗೆದರೂ ಬಿಡುವುದಿಲ್ಲ.